‘ರೆಫರ್’ ಆದ ಮೇಲೆ ಏನಾಯಿತು?

ನಾವು ನಾಲ್ವರು ಸ್ನೇಹಿತರು ಐದನೇ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್‌ಗೆ ಆರಿಸಿಕೊಂಡ ವಿಷಯ ‘ಆಸ್ಪತ್ರೆ ಡ್ಯಾಶ್‌ಬೋರ್ಡ್’. ನಮ್ಮ ಭಾಗದ್ದೇ ಒಂದು ಸರ್ಕಾರಿ ಆಸ್ಪತ್ರೆಯವರು ರೋಗಿಗಳ ಹೆಸರು, ವಿಳಾಸ ತೆಗೆದುಹಾಕಿ ಕೆಲವು ದಿನಗಳ ಸಮಯದ ವಿವರ ಮಾತ್ರ ಕೊಟ್ಟರು. ಅದನ್ನು ಕಂಪ್ಯೂಟರ್‌ಗೆ ತುಂಬಿಸಿ ಗ್ರಾಫ್ ಬರೆಸಿದೆವು. ಹೊರರೋಗಿ ಕಾಯುವ ಸರಾಸರಿ ಸಮಯ 22 ನಿಮಿಷ ಅಂತ ಬಂತು. ಅರ್ಧ ಗಂಟೆಗಿಂತ ಕಡಿಮೆ ಇದ್ದರೆ ಹಸಿರು ಬಣ್ಣ ಅಂತ ನಾವೇ ನಿಯಮ ಮಾಡಿಕೊಂಡಿದ್ದೆವು. ಪರದೆ ತುಂಬ ಹಸಿರೋ ಹಸಿರು. ಗೈಡ್ ಮೇಡಂಗೂ ಖುಷಿಯಾಯಿತು.

ಮರುವಾರ ಅಜ್ಜಿಗೆ ಬಿ.ಪಿ. ಮಾತ್ರೆ ಮುಗಿದಿತ್ತು. ಅದೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಬಸ್ ಇಳಿದು ಗೇಟು ದಾಟಿದಾಗ ಎಂಟೂ ಕಾಲು. ಚೀಟಿ ಕೊಡುವ ಕೌಂಟರ್ ತೆರೆದದ್ದು ಒಂಬತ್ತಕ್ಕೆ. ನಮ್ಮ ಸರದಿ ಬಂದು ಕಂಪ್ಯೂಟರ್‌ನಿಂದ ಚೀಟಿ ಹೊರಬಿದ್ದಾಗ ಒಂಬತ್ತು ಐವತ್ತು. ಡಾಕ್ಟರ ಕೊಠಡಿಯೊಳಗೆ ಹೋದದ್ದು ಹತ್ತೂ ಹತ್ತಕ್ಕೆ. ಅಂದರೆ ನಮ್ಮ ಡ್ಯಾಶ್‌ಬೋರ್ಡ್ ಲೆಕ್ಕದಲ್ಲಿ ಅಜ್ಜಿ ಕಾದದ್ದು 20 ನಿಮಿಷ, ಸರಾಸರಿಗಿಂತಲೂ ಕಡಿಮೆ! ‘ಬೆಳಿಗ್ಗೆ ತಿಂದಿದ್ದ ರೊಟ್ಟಿ ಕರಗೇ ಹೋಯ್ತು ಮಗಾ, ಇನ್ನೂ ಎಷ್ಟು ಹೊತ್ತು?’ ಅಂತ ಅಜ್ಜಿ ಮೂರು ಸಲ ಕೇಳಿದ್ದಳು. ನಮ್ಮ ಗಡಿಯಾರ ಶುರುವಾಗುತ್ತಿದ್ದುದು ಕೌಂಟರ್‌ನಲ್ಲಿ ಕೀಲಿ ಒತ್ತಿದ ಕ್ಷಣದಿಂದ. ಅಜ್ಜಿಯ ಗಡಿಯಾರ ಶುರುವಾಗಿದ್ದು ಗೇಟಿನಿಂದ. ಸರಿಯಾಗಿ ನೋಡಿದರೆ ಊರಿನ ಬಸ್ ನಿಲ್ದಾಣದಿಂದ.

ತಪ್ಪು ಸಾಫ್ಟ್‌ವೇರ್‌ನದಲ್ಲ. ಯಾವುದನ್ನು ‘ಸೊನ್ನೆ ನಿಮಿಷ’ ಅಂತ ಕರೆಯಬೇಕು ಎಂದು ನಾವು ಯೋಚಿಸಿಯೇ ಇರಲಿಲ್ಲ. ಡೇಟಾ ಎಲ್ಲಿಂದ ಸಿಕ್ಕಿತೋ ಅಲ್ಲಿಂದ ಎಣಿಸಲು ಶುರು ಮಾಡಿದ್ದೆವು, ಅಷ್ಟೇ.

ಅಂದು ಮಾತ್ರೆಯ ಸಾಲಿನಲ್ಲಿ ನಿಂತಿದ್ದಾಗ ತರಗತಿಯಲ್ಲಿ ಓದಿದ್ದ ಒಂದು ಸೂತ್ರ ನೆನಪಾಯಿತು. 1961ರಲ್ಲಿ ಜಾನ್ ಲಿಟಲ್ ಎಂಬ ವಿದ್ವಾಂಸರು ಗಣಿತದಲ್ಲಿ ಸಾಧಿಸಿ ತೋರಿಸಿದ್ದು. ಸಾಲು ಹೆಚ್ಚೂಕಡಿಮೆ ಒಂದೇ ಸಮ ಇರುವಾಗ, ಸಾಲಿನಲ್ಲಿರುವ ಜನರ ಸಂಖ್ಯೆಯು ಗಂಟೆಗೆ ಬರುವವರ ಸಂಖ್ಯೆಯನ್ನು ಒಬ್ಬೊಬ್ಬರು ಕಾಯುವ ಸಮಯದಿಂದ ಗುಣಿಸಿದಷ್ಟಿರುತ್ತದೆ. ಗಂಟೆಗೆ 40 ಜನ ಬರುತ್ತಿದ್ದು, ವರಾಂಡದಲ್ಲಿ 60 ಜನ ಕೂತಿದ್ದರೆ ಒಬ್ಬೊಬ್ಬರು ಸರಾಸರಿ ಒಂದೂವರೆ ಗಂಟೆ ಕಾಯುತ್ತಿದ್ದಾರೆ ಎಂದರ್ಥ. ಇದಕ್ಕೆ ಸರ್ವರ್ ಬೇಡ, ಕ್ಯೂಆರ್ ಕೋಡ್ ಬೇಡ. ಹದಿನೈದು ನಿಮಿಷ ಗೇಟಿನ ಹತ್ತಿರ ನಿಂತು ತಲೆ ಎಣಿಸಿದರೆ ಸಾಕು. ಬ್ಯಾಂಕ್, ಪಡಿತರ ಅಂಗಡಿ, ಕಾಲೇಜಿನ ಫೀಸ್ ಕೌಂಟರ್, ಎಲ್ಲಿ ಬೇಕಾದರೂ ನೀವು ಮಾಡಿ ನೋಡಬಹುದು. (ಫೀಸ್ ಕೌಂಟರ್ ಲೆಕ್ಕ ನಾನು ಮಾಡಿದ್ದೇನೆ. ಇಲ್ಲಿ ಬೇಡ ಬಿಡಿ.)

ಹಾಗಂತ ಸರ್ಕಾರಿ ಆಸ್ಪತ್ರೆಗಳಲ್ಲಿ ಅಳತೆಯೇ ಇಲ್ಲ ಎಂದುಕೊಳ್ಳಬೇಡಿ. ಬೇಕಾದಷ್ಟಿದೆ. 2008ರಿಂದ ಆಸ್ಪತ್ರೆಗಳು ತಿಂಗಳು ತಿಂಗಳೂ ಎಚ್‌ಎಂಐಎಸ್ ಎಂಬ ಪೋರ್ಟಲ್‌ಗೆ ಹೆರಿಗೆ, ಲಸಿಕೆ, ಒಳರೋಗಿ, ಹೊರರೋಗಿಗಳ ಅಂಕಿಅಂಶ ತುಂಬುತ್ತಿವೆ. 2013ರಲ್ಲಿ ರಾಷ್ಟ್ರೀಯ ಗುಣಮಟ್ಟ ಖಾತರಿ ಮಾನದಂಡಗಳು ಬಂದವು. ಪರಿಶೀಲಕರು ಬಂದು ಕಣ್ಣಾರೆ ನೋಡುತ್ತಾರೆ, ದಾಖಲೆ ತಿರುವಿ ಹಾಕುತ್ತಾರೆ, ಸಿಬ್ಬಂದಿಯನ್ನೂ ರೋಗಿಗಳನ್ನೂ ಮಾತಾಡಿಸುತ್ತಾರೆ; ಒಂದೊಂದು ಅಂಶಕ್ಕೂ 0, 1 ಅಥವಾ 2 ಅಂಕ. ಪ್ರಮಾಣಪತ್ರ ಬೇಕಾದರೆ ಒಟ್ಟಾರೆ ಶೇ 70 ಬರಲೇಬೇಕು. ನಮ್ಮ ಇಂಟರ್ನಲ್ಸ್‌ಗಿಂತ ಕಟ್ಟುನಿಟ್ಟು! ಸ್ವಚ್ಛತೆಗೆ 2015ರಿಂದ ‘ಕಾಯಕಲ್ಪ’ ಪ್ರಶಸ್ತಿ ಬೇರೆ ಇದೆ. ಹಾಸಿಗೆ ಭರ್ತಿಯ ಪ್ರಮಾಣ, ರೋಗಿ ಸರಾಸರಿ ಎಷ್ಟು ದಿನ ಉಳಿದ, ಡಾಕ್ಟರ ಮಾತು ಮೀರಿ ಎಷ್ಟು ಜನ ಎದ್ದುಹೋದರು, ಎಷ್ಟು ಜನರನ್ನು ಬೇರೆಡೆಗೆ ಕಳುಹಿಸಿದರು ಎಂಬುದೆಲ್ಲ ಲೆಕ್ಕಕ್ಕೆ ಬರುತ್ತದೆ.

ಈ ಕೊನೆಯದು, ಅಂದರೆ ‘ರೆಫರ್’ ಮಾಡುವುದು, ಕಡೂರು, ತರೀಕೆರೆ, ಅಜ್ಜಂಪುರದವರಿಗೆ ಚೆನ್ನಾಗಿ ಗೊತ್ತಿರುವ ಪದ. ಓದು ಬಾರದ ಮುದುಕರೂ ಬಳಸುತ್ತಾರೆ: ‘ಅವನನ್ನ ರೆಫ್ರು ಮಾಡವ್ರಂತೆ.’ ನಮ್ಮ ಮೂರೂ ತಾಲ್ಲೂಕು ಚಿಕ್ಕಮಗಳೂರು ಜಿಲ್ಲೆಯಲ್ಲಿದ್ದರೂ ರೋಗ ಜಿಲ್ಲೆಯ ಗಡಿ ನೋಡುವುದಿಲ್ಲ. ಅಜ್ಜಂಪುರದವರಿಗೆ ಮೊದಲಿನಿಂದಲೂ ತರೀಕೆರೆ ರೂಢಿ; ತಾಲ್ಲೂಕು ಬೇರೆಯಾದದ್ದು ಇತ್ತೀಚೆಗೆ. ತರೀಕೆರೆಯವರಿಗೆ ಹೆದ್ದಾರಿ ಹಿಡಿದರೆ ಶಿವಮೊಗ್ಗ ಹತ್ತಿರ. ಕಡೂರಿನವರು ಚಿಕ್ಕಮಗಳೂರಿಗೆ ಹೋಗುತ್ತಾರೆ, ಇಲ್ಲವೇ ಹಾಸನಕ್ಕೆ. ಕೈಯಲ್ಲಿ ನಾಲ್ಕು ಕಾಸು ಇದ್ದವರು, ಇಲ್ಲದಿದ್ದರೂ ಜೀವಕ್ಕೆ ಹೆದರಿದವರು ರೈಲು ಹತ್ತಿ ಬೆಂಗಳೂರಿಗೆ. ಒಂದು ಕಾಯಿಲೆ ಎರಡು ಆಸ್ಪತ್ರೆ, ಕೆಲವೊಮ್ಮೆ ಮೂರು ಆಸ್ಪತ್ರೆ ಸುತ್ತಿ ವಾಸಿಯಾಗುವುದು ನಮ್ಮಲ್ಲಿ ಸಾಮಾನ್ಯ. ಆದರೆ ಅಳತೆ ಮಾತ್ರ ಒಂದೊಂದು ಆಸ್ಪತ್ರೆಯ ಕಾಂಪೌಂಡಿನೊಳಗೇ ಮುಗಿಯುತ್ತದೆ.

ಇದು ನನಗೆ ಪುಸ್ತಕದಿಂದ ಗೊತ್ತಾದದ್ದಲ್ಲ.

ಕಳೆದ ಮಳೆಗಾಲದ ಒಂದು ರಾತ್ರಿ, ಹನ್ನೊಂದರ ಸುಮಾರಿಗೆ, ಅಜ್ಜಿ ‘ಎದೆ ಹಿಂಡ್ತಾ ಇದೆ’ ಅಂದಳು. ಮೈಯೆಲ್ಲ ಬೆವರು. ಪಕ್ಕದ ಮನೆಯ ಮಾವನ ಓಮ್ನಿಯಲ್ಲಿ ಆಸ್ಪತ್ರೆಗೆ ಓಡಿದೆವು. ರಾತ್ರಿ ಪಾಳಿಯಲ್ಲಿದ್ದ ಸಿಸ್ಟರ್ ಚೀಟಿ ಗೀಟಿ ಏನೂ ಕೇಳದೆ ಮಲಗಿಸಿ ಇಸಿಜಿ ತೆಗೆದರು. ಡಾಕ್ಟರ್ ಬಂದು ನೋಡಿ, ನಾಲಿಗೆ ಕೆಳಗೆ ಒಂದು ಮಾತ್ರೆ ಇಟ್ಟು, ಇನ್ನೊಂದನ್ನು ಅಗಿಯಲು ಹೇಳಿ, ‘ಇಲ್ಲಿ ಇಟ್ಕೊಳ್ಳೋದು ಬೇಡ, ಹೃದಯದ ಡಾಕ್ಟರ್ ಇರೋ ಕಡೆ ಹೋಗಿ’ ಅಂದರು. 108 ಬಂತು. ದಾರಿಯಲ್ಲಿ ಮಳೆ. ಅಮ್ಮನ ಕೈಯಲ್ಲಿದ್ದ ರೆಫರ್ ಚೀಟಿ ಒದ್ದೆಯಾಗಿ ಶಾಯಿ ಹರಡಿಹೋಗಿತ್ತು. ಇಸಿಜಿ ಕಾಗದ ಎಲ್ಲಿ ಬಿತ್ತೋ ಇವತ್ತಿಗೂ ಗೊತ್ತಿಲ್ಲ. ದೊಡ್ಡ ಆಸ್ಪತ್ರೆಯಲ್ಲಿ ಕೇಳಿದ ಮೊದಲ ಪ್ರಶ್ನೆ: ‘ಏನು ಮಾತ್ರೆ ಕೊಟ್ಟಿದಾರೆ? ಎಷ್ಟು ಗಂಟೆಗೆ?’ ಅಮ್ಮ ನನ್ನ ಮುಖ ನೋಡಿದಳು, ನಾನು ಅಮ್ಮನ ಮುಖ ನೋಡಿದೆ. ಎಲ್ಲಕ್ಕೂ ಟೈಮ್‌ಸ್ಟ್ಯಾಂಪ್ ಹುಡುಕುವ ನಾನು ಆ ಒಂದು ಸಮಯವನ್ನು ನೋಡಿಕೊಂಡಿರಲಿಲ್ಲ. ಅವರು ಎಲ್ಲವನ್ನೂ ಮೊದಲಿನಿಂದ ಶುರು ಮಾಡಿದರು.

ಅಜ್ಜಿ ಉಳಿದಳು. ನಾಲ್ಕು ದಿನ ಇದ್ದು ಮನೆಗೆ ಬಂದಳು.

ಈಗ ಲೆಕ್ಕ ನೋಡಿ. ಮೊದಲ ಆಸ್ಪತ್ರೆಯ ದಾಖಲೆಯಲ್ಲಿ ಇಸಿಜಿ ಆಗಿದೆ, ಚಿಕಿತ್ಸೆ ಆಗಿದೆ, ರೆಫರ್ ಆಗಿದೆ: ಪ್ರಕರಣ ಮುಗಿಯಿತು. ಎರಡನೆಯ ಆಸ್ಪತ್ರೆಯ ದಾಖಲೆಯಲ್ಲಿ ರೋಗಿ ಬಂದ ಸಮಯದಿಂದ ಎಲ್ಲವೂ ಇದೆ. ಎರಡೂ ಕಡೆ ಅಂಕ ಚೆನ್ನಾಗಿಯೇ ಬರುತ್ತದೆ. ನಮಗೆ ಕಷ್ಟವಾದದ್ದು ನಡುವಿನ ದಾರಿಯಲ್ಲಿ. ಆ ದಾರಿ ಇಬ್ಬರ ಲೆಕ್ಕದಲ್ಲೂ ಇಲ್ಲ. ಇನ್ನೊಂದು ತಮಾಷೆ ಇದೆ. ‘ರೆಫರ್ ಪ್ರಮಾಣ ಕಡಿಮೆ ಇದ್ದಷ್ಟೂ ಒಳ್ಳೆಯ ಆಸ್ಪತ್ರೆ’ ಎಂದು ನಮ್ಮ ಪ್ರಾಜೆಕ್ಟ್‌ನಲ್ಲಿ ಬರೆದಿದ್ದೆವು. ಅಂಕ ಉಳಿಸಿಕೊಳ್ಳಲು ಅಂದು ಡಾಕ್ಟರ್ ಅಜ್ಜಿಯನ್ನು ಬೆಳಗಿನವರೆಗೆ ಅಲ್ಲೇ ಇಟ್ಟುಕೊಂಡಿದ್ದರೆ? ಹೃದ್ರೋಗ ತಜ್ಞರಿಲ್ಲದ ಕಡೆ ಬೇಗ ರೆಫರ್ ಮಾಡುವುದೇ ಒಳ್ಳೆಯ ವೈದ್ಯಕೀಯ. ಸಾಧಾರಣ ಹೆರಿಗೆಯನ್ನೂ ದಾಟಿಸಿಬಿಡುವುದು ಕೆಟ್ಟದ್ದು. ಡ್ಯಾಶ್‌ಬೋರ್ಡ್‌ನಲ್ಲಿ ಎರಡೂ ಒಂದೇ ಅಂಕಿ.

ಈ ನಡುದಾರಿಯನ್ನು ಜೋಡಿಸಲೆಂದೇ ಕೇಂದ್ರ ಸರ್ಕಾರ 2021ರ ಸೆಪ್ಟೆಂಬರ್ 27ರಂದು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಆರಂಭಿಸಿತು. 14 ಅಂಕಿಯ ‘ಆಭಾ’ ಸಂಖ್ಯೆ ಇದ್ದರೆ, ರೋಗಿ ಒಪ್ಪಿಗೆ ಕೊಟ್ಟಾಗ ಒಂದು ಆಸ್ಪತ್ರೆಯ ದಾಖಲೆಯನ್ನು ಇನ್ನೊಂದು ಆಸ್ಪತ್ರೆ ನೋಡಬಹುದು ಎಂಬುದು ಯೋಜನೆ. ಕೌಂಟರ್ ಪಕ್ಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಟೋಕನ್ ಪಡೆಯುವುದೂ ಇದರದೇ ಭಾಗ. ಆಲೋಚನೆ ನನಗೆ ನಿಜಕ್ಕೂ ಇಷ್ಟ. ಆದರೆ ಅಜ್ಜಿಗೆ ಆಭಾ ಮಾಡಿಸಲು ಕೂತಾಗ ಒಟಿಪಿ ಹೋದದ್ದು ಬೆಂಗಳೂರಿನಲ್ಲಿರುವ ಸೋದರಮಾವನ ಫೋನಿಗೆ. ಆಧಾರ್‌ಗೆ ಕೊಟ್ಟಿದ್ದ ನಂಬರ್ ಅವರದು. ಅವರು ಶಿಫ್ಟ್‌ನಲ್ಲಿದ್ದರು, ಫೋನ್ ಲಾಕರ್‌ನಲ್ಲಿ. ಆಸ್ಪತ್ರೆಯ ಸೇವೆ ಹೇಗಿತ್ತು ಎಂದು ರೋಗಿಯನ್ನು ಕೇಳುವ ‘ಮೇರಾ ಅಸ್ಪತಾಲ್’ ವ್ಯವಸ್ಥೆಯೂ 2016ರಿಂದ ನೆಚ್ಚಿಕೊಂಡಿರುವುದು ಇಂಥದೇ ಫೋನ್ ನಂಬರುಗಳನ್ನು. ಅಜ್ಜಿ ಮಲಗಿದ್ದ ಹಾಸಿಗೆ ಹೇಗಿತ್ತು ಅಂತ ಮಾವನನ್ನು ಕೇಳಿದರೆ ಅವರೇನು ಹೇಳಿಯಾರು?

ಕೆಲಸ ಮಾಡಿದರೂ ಅಳತೆಯಲ್ಲಿ ಕಾಣದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಆಶಾ ಕಾರ್ಯಕರ್ತೆಯರೇ ಸಾಕ್ಷಿ. 2025ರ ಜನವರಿಯಲ್ಲಿ ರಾಜ್ಯದ ಮೂಲೆಮೂಲೆಯಿಂದ ಬಂದ ಅವರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಚಳಿಯಲ್ಲಿ ಹಗಲೂ ರಾತ್ರಿ ಕೂತಿದ್ದರು. ತಿಂಗಳಿಗೆ 15 ಸಾವಿರ ರೂಪಾಯಿ ಗೌರವಧನ ಮುಖ್ಯ ಬೇಡಿಕೆ. ಅದರ ಜೊತೆಗೆ, ಪೋರ್ಟಲ್‌ನಲ್ಲಿ ಸರಿಯಾಗಿ ದಾಖಲಾಗದ ಕಾರಣ ಮಾಡಿದ ಕೆಲಸಕ್ಕೂ ಪ್ರೋತ್ಸಾಹಧನ ಕೈತಪ್ಪುತ್ತಿದೆ ಎಂಬ ದೂರು ಅವರು ವರ್ಷಗಳಿಂದ ಹೇಳುತ್ತಿದ್ದದ್ದು. ಗರ್ಭಿಣಿ ತವರಿಗೆ ಹೋಗಿ ಬೇರೆ ತಾಲ್ಲೂಕಿನಲ್ಲಿ ಹೆತ್ತಳು ಅನ್ನಿ. ಒಂಬತ್ತು ತಿಂಗಳು ಅವಳ ಮನೆ ಬಾಗಿಲು ತಟ್ಟಿದವಳ ಶ್ರಮ ಯಾವ ಕಾಲಂಗೆ ಸೇರಬೇಕು? ಸಾಫ್ಟ್‌ವೇರ್ ಬರೆಯುವವರಿಗೆ ಅದು ‘ಎಡ್ಜ್ ಕೇಸ್’. ತವರಿನ ಹೆರಿಗೆ ನಮ್ಮ ಕಡೆ ಎಡ್ಜ್ ಕೇಸ್ ಅಲ್ಲ, ಸಂಪ್ರದಾಯ.

ಗೇಟಿನಾಚೆಗೂ ಅಳೆಯಬಹುದು ಎಂದು ನೂರು ವರ್ಷದ ಹಿಂದೆಯೇ ಒಬ್ಬರು ಮಾಡಿ ತೋರಿಸಿದ್ದರು. ಅಮೆರಿಕದ ಬಾಸ್ಟನ್‌ನ ಶಸ್ತ್ರಚಿಕಿತ್ಸಕ ಅರ್ನೆಸ್ಟ್ ಕಾಡ್‌ಮನ್. ಪ್ರತಿ ರೋಗಿಗೊಂದು ಕಾರ್ಡ್. ಬಂದಾಗ ಏನಿತ್ತು, ಏನು ಮಾಡಿದೆವು, ಮನೆಗೆ ಹೋಗಿ ವರ್ಷವಾದ ಮೇಲೆ ಹೇಗಿದ್ದಾರೆ. ಕೊನೆಗೆ ಏನಾಯಿತು ಎಂಬುದೇ ಆಸ್ಪತ್ರೆಯ ನಿಜವಾದ ಅಳತೆ ಎಂಬುದು ಅವರ ವಾದ. ಸಹೋದ್ಯೋಗಿಗಳಿಗೆ ಇದು ಹಿಡಿಸಲಿಲ್ಲ. ಅವರು ತಮ್ಮದೇ ಸಣ್ಣ ಆಸ್ಪತ್ರೆ ನಡೆಸಿ, 1911ರಿಂದ 1916ರವರೆಗೆ ಬಿಡುಗಡೆಯಾದ 337 ರೋಗಿಗಳ ಪೈಕಿ ಆದ 123 ತಪ್ಪುಗಳನ್ನು ತಾವೇ ಅಚ್ಚು ಹಾಕಿಸಿ ಹಂಚಿದರು. ಕಾರ್ಡು, ಪೆನ್ನು ಬಿಟ್ಟರೆ ಅವರ ಹತ್ತಿರ ಯಾವ ಯಂತ್ರವೂ ಇರಲಿಲ್ಲ.

ನಮ್ಮ ರಾಜ್ಯದಲ್ಲೂ ಒಂದು ಒಳ್ಳೆಯ ಉದಾಹರಣೆ ಇದೆ: ಪುನೀತ್ ರಾಜ್‌ಕುಮಾರ್ ಹೆಸರಿನ ‘ಹೃದಯಜ್ಯೋತಿ’ ಯೋಜನೆ. ಎದೆನೋವು ಎಂದು ತಾಲ್ಲೂಕು ಆಸ್ಪತ್ರೆಗೆ ಬಂದವರ ಇಸಿಜಿಯನ್ನು ಅಲ್ಲಿಂದಲೇ ಕಳುಹಿಸಿ, ಕೃತಕ ಬುದ್ಧಿಮತ್ತೆಯ ನೆರವಿನಿಂದಲೂ ತಜ್ಞರ ಕಣ್ಣಿನಿಂದಲೂ ನಿಮಿಷಗಳಲ್ಲಿ ಓದಿಸಿ, ಬೇಕಿದ್ದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುವುದು. ಆಮೇಲೆ ಜಯದೇವದಂಥ ದೊಡ್ಡ ಕೇಂದ್ರಕ್ಕೆ ಕಳುಹಿಸುವುದು. ಹೊರಗೆ ಸಾವಿರಾರು ರೂಪಾಯಿ ಬೆಲೆಯ ಔಷಧಿ ಅದು. ನನಗೆ ಇದರಲ್ಲಿ ಎಐಗಿಂತ ಹೆಚ್ಚು ಹಿಡಿಸಿದ್ದು ಬೇರೆ: ಎರಡು ಆಸ್ಪತ್ರೆ ಸೇರಿ ಒಬ್ಬ ರೋಗಿಯ ಒಂದೇ ಗಡಿಯಾರ ನೋಡುತ್ತವೆ. ಇಸಿಜಿ ಕಾಗದ ಮಳೆಯಲ್ಲಿ ಬಿದ್ದುಹೋಗುವ ಪ್ರಶ್ನೆಯೇ ಇಲ್ಲ.

ಪ್ರಾಜೆಕ್ಟ್ ತಿದ್ದಿದೆವು. ಕಾಯುವ ಸಮಯ ಗೇಟಿನಿಂದ ಶುರು. ರೆಫರ್ ಆದವರಿಗೆ ಇನ್ನೆರಡು ಕಾಲಂ: ‘ಅಲ್ಲಿ ತಲುಪಿದ ಸಮಯ’, ‘ಏಳನೇ ದಿನ ಹೇಗಿದ್ದಾರೆ’. ಗೈಡ್ ಮೇಡಂ ಒಂದೇ ಪ್ರಶ್ನೆ ಹಾಕಿದರು: ‘ಇದನ್ನ ಯಾರು ತುಂಬ್ತಾರೆ?’ ಸರಿಯಾದ ಪ್ರಶ್ನೆ. ಈಗಾಗಲೇ ಒಂದು ರೋಗಿಯ ವಿವರವನ್ನು ರಿಜಿಸ್ಟರ್‌ನಲ್ಲಿ ಒಮ್ಮೆ, ಪೋರ್ಟಲ್‌ನಲ್ಲಿ ಒಮ್ಮೆ ಬರೆಯುತ್ತಿರುವವರ ತಲೆಗೆ ಇನ್ನೆರಡು ಕಾಲಂ ಕಟ್ಟುವುದು ಸುಲಭ. ಕಾಲಂ ಸೇರಿಸಿದಷ್ಟು ಸುಲಭವಾಗಿ ಕೈಗಳನ್ನು ಸೇರಿಸಲಾಗುವುದಿಲ್ಲ. ಸದ್ಯಕ್ಕೆ ನಮ್ಮ ಎರಡು ಕಾಲಂ ಖಾಲಿ ಇವೆ, ಪರದೆಯಲ್ಲಿ ಬೂದು ಬಣ್ಣ. ಹಸಿರಿಗಿಂತ ಅದೇ ಪ್ರಾಮಾಣಿಕ ಅಂತ ನಾಲ್ವರೂ ಒಪ್ಪಿಕೊಂಡಿದ್ದೇವೆ.

ಪ್ರಾಜೆಕ್ಟ್ ವರದಿಯ ಪ್ರತಿ ಕೊಡಲು ಆಸ್ಪತ್ರೆಗೆ ಹೋದಾಗ ಆ ರಾತ್ರಿಯ ಸಿಸ್ಟರ್ ಎದುರಾದರು. ನನ್ನ ಗುರುತು ಸಿಕ್ಕಿ, ವರದಿಯ ಕಡೆ ನೋಡದೆ, ‘ನಿಮ್ಮ ಅಜ್ಜಿ ಏನಾದ್ರು? ಕಳಿಸಿದ ಮೇಲೆ ಗೊತ್ತೇ ಆಗಲಿಲ್ಲ’ ಅಂದರು. ಆರಾಮಾಗಿದ್ದಾರೆ, ನಿನ್ನೆ ಈರುಳ್ಳಿ ಬಿಡಿಸೋಕೆ ಹೋಗ್ತೀನಿ ಅಂತ ಜಗಳ ಮಾಡಿದರು ಅಂದೆ. ಸಿಸ್ಟರ್ ನಕ್ಕು ಒಳಗೆ ಹೋಗಿ ದಪ್ಪ ರಿಜಿಸ್ಟರ್ ತಂದರು, ಪುಟ ತಿರುವಿ ಆ ದಿನದ ಸಾಲು ಹುಡುಕಿದರು. ಕೊನೆಯ ಕಾಲಂನಲ್ಲಿ ‘ರೆಫರ್ಡ್’ ಎಂದಿತ್ತು; ಅದರಾಚೆ ಬರೆಯಲು ಜಾಗವಿರಲಿಲ್ಲ. ಪುಟದ ಅಂಚಿನಲ್ಲಿ, ಗೆರೆಯಿಂದ ಹೊರಗೆ, ಸಣ್ಣಕ್ಷರದಲ್ಲಿ ‘ಕ್ಷೇಮ’ ಎಂದು ಬರೆದರು.