ಘೇಂಡಾಮೃಗಗಳ ಸಂರಕ್ಷಣೆ ಮತ್ತು ಕಳ್ಳಬೇಟೆ ತಡೆ: ಸಾರ್ವಜನಿಕರಿಗೆ ಮಾಹಿತಿ

ಖಡ್ಗಮೃಗವೆಂದೂ ಕರೆಯಲಾಗುವ ಘೇಂಡಾಮೃಗದ ಐದು ಪ್ರಭೇದಗಳು ಇಂದು ಜಗತ್ತಿನಲ್ಲಿ ಉಳಿದಿವೆ. ಇವುಗಳಲ್ಲಿ ಎರಡು ಆಫ್ರಿಕಾ ಖಂಡಕ್ಕೂ ಮೂರು ಏಷ್ಯಾ ಖಂಡಕ್ಕೂ ಸೇರಿದವು. ಭಾರತದ ಕಾಡುಗಳಲ್ಲಿ ಈಗ ಕಂಡುಬರುವುದು ಒಂಟಿಕೊಂಬಿನ ಘೇಂಡಾಮೃಗ ಮಾತ್ರ. 2022ರ ಅಂದಾಜಿನಂತೆ ಭಾರತ ಮತ್ತು ನೇಪಾಳಗಳಲ್ಲಿ ಈ ಪ್ರಭೇದದ ಸುಮಾರು 4,000 ಪ್ರಾಣಿಗಳಿದ್ದು, ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಸ್ಸಾಂ ರಾಜ್ಯದ ಕಾಜಿರಂಗ ರಾಷ್ಟ್ರೀಯ ಉದ್ಯಾನದಲ್ಲಿಯೇ ನೆಲೆಸಿವೆ. ಈ ಪ್ರಾಣಿಯ ರಕ್ಷಣೆಗಾಗಿ ಕೈಗೊಳ್ಳಲಾದ ಕ್ರಮಗಳನ್ನು ಹಾಗೂ ವನ್ಯಪ್ರಾಣಿಗಳ ಅಂಗಾಂಗಗಳ ಬಗ್ಗೆ ನಾಗರಿಕರು ತಿಳಿದಿರಬೇಕಾದ ಕಾನೂನಿನ ಅಂಶಗಳನ್ನು ಈ ಕೆಳಗೆ ವಿವರಿಸಲಾಗಿದೆ.

ಕಾಜಿರಂಗದ ಹಿನ್ನೆಲೆ

ಬ್ರಹ್ಮಪುತ್ರಾ ನದಿಯ ದಕ್ಷಿಣ ದಂಡೆಯಲ್ಲಿರುವ ಕಾಜಿರಂಗವು ಎತ್ತರದ ಆನೆಹುಲ್ಲು, ಜೌಗು ನೆಲ ಮತ್ತು ಕೆರೆಗಳಿಂದ ಕೂಡಿದ ಪ್ರದೇಶ. ಇಪ್ಪತ್ತನೆಯ ಶತಮಾನದ ಆರಂಭದ ವೇಳೆಗೆ ಮೋಜಿನ ಬೇಟೆಯ ಕಾರಣದಿಂದ ಇಲ್ಲಿ ಬೆರಳೆಣಿಕೆಯಷ್ಟು ಘೇಂಡಾಮೃಗಗಳು ಮಾತ್ರ ಉಳಿದಿದ್ದವು. 1908ರಲ್ಲಿ ಇದನ್ನು ಮೀಸಲು ಅರಣ್ಯವೆಂದು ಘೋಷಿಸಲಾಯಿತು. 1974ರಲ್ಲಿ ರಾಷ್ಟ್ರೀಯ ಉದ್ಯಾನದ ಸ್ಥಾನಮಾನ ದೊರೆಯಿತು. 1985ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿತು. 1966ರ ಗಣತಿಯಲ್ಲಿ 366 ಇದ್ದ ಘೇಂಡಾಮೃಗಗಳ ಸಂಖ್ಯೆಯು 1984ರಲ್ಲಿ 1,080ಕ್ಕೂ, 2022ರಲ್ಲಿ 2,613ಕ್ಕೂ ಏರಿತು.

ಕಳ್ಳಬೇಟೆಗೆ ಕಾರಣ

ಕೊಂಬಿಗಾಗಿಯೇ ಈ ಪ್ರಾಣಿಯನ್ನು ಕೊಲ್ಲಲಾಗುತ್ತದೆ. ಪೂರ್ವ ಮತ್ತು ಆಗ್ನೇಯ ಏಷ್ಯಾದ ಕೆಲವು ದೇಶಗಳಲ್ಲಿ ಕೊಂಬಿನ ಪುಡಿಗೆ ಔಷಧೀಯ ಗುಣವಿದೆ ಎಂಬ ನಂಬಿಕೆ ಬಹುಕಾಲದಿಂದ ರೂಢಿಯಲ್ಲಿದೆ. ಕೊಂಬು ಮನುಷ್ಯನ ಉಗುರು ಮತ್ತು ಕೂದಲಿನಲ್ಲಿರುವ ಕೆರಾಟಿನ್ ಎಂಬ ವಸ್ತುವಿನಿಂದಲೇ ಆಗಿರುತ್ತದೆ. ಅದರಿಂದ ರೋಗ ಗುಣವಾಗುತ್ತದೆ ಎಂಬುದಕ್ಕೆ ವೈಜ್ಞಾನಿಕ ಆಧಾರವಿಲ್ಲ. ಆದಾಗ್ಯೂ ಕಳ್ಳ ಮಾರುಕಟ್ಟೆಯಲ್ಲಿ ದೊರೆಯುವ ಅಧಿಕ ಬೆಲೆಯು ಬೇಟೆಗಾರ, ಮಧ್ಯವರ್ತಿ ಹಾಗೂ ಸಾಗಣೆದಾರರ ಜಾಲವನ್ನು ಪೋಷಿಸುತ್ತಿದೆ.

ಹೆಣ್ಣು ಘೇಂಡಾಮೃಗದ ಗರ್ಭಧಾರಣೆಯ ಅವಧಿ ಸುಮಾರು 16 ತಿಂಗಳು. ಒಂದು ಬಾರಿಗೆ ಒಂದೇ ಮರಿ ಹುಟ್ಟುತ್ತದೆ. ಮುಂದಿನ ಮರಿಗೆ ಸಾಮಾನ್ಯವಾಗಿ ಮೂರು ವರ್ಷಗಳ ಅಂತರವಿರುತ್ತದೆ. ಆದುದರಿಂದ ಒಂದು ತಾಯಿ ಪ್ರಾಣಿ ಹತವಾದರೆ ಆಸರೆ ತಪ್ಪಿದ ಮರಿಯೂ ಸಾಯುವ ಸಂಭವವಿದ್ದು, ಮುಂದೆ ಹುಟ್ಟಬೇಕಾಗಿದ್ದ ಸಂತತಿಯೂ ಇಲ್ಲವಾಗುತ್ತದೆ. ಕಳೆದುಹೋದ ಸಂಖ್ಯೆಯನ್ನು ತುಂಬಿಕೊಳ್ಳಲು ಹಲವು ವರ್ಷಗಳೇ ಬೇಕಾಗುತ್ತವೆ.

ಕಳ್ಳಬೇಟೆ ನಡೆಯುವ ಬಗೆ

ಘೇಂಡಾಮೃಗವು ಒಂದೇ ಸ್ಥಳದಲ್ಲಿ ಪದೇ ಪದೇ ಲದ್ದಿ ಹಾಕುವ ಸ್ವಭಾವದ್ದು. ಅದು ಓಡಾಡುವ ದಾರಿಯೂ ಬಹುಮಟ್ಟಿಗೆ ನಿಶ್ಚಿತವಾಗಿರುತ್ತದೆ. ಈ ಸ್ವಭಾವವನ್ನು ಬಲ್ಲ ಬೇಟೆಗಾರರು ಹಿಂದಿನ ಕಾಲದಲ್ಲಿ ದಾರಿಯಲ್ಲಿ ಗುಂಡಿ ತೋಡಿ ಕೆಡವುತ್ತಿದ್ದರು. ನಂತರದ ವರ್ಷಗಳಲ್ಲಿ ಬಂದೂಕಿನ ಬಳಕೆ ಹೆಚ್ಚಾಯಿತು. ವಿದ್ಯುತ್ ಮಾರ್ಗಗಳಿಂದ ತಂತಿ ಎಳೆದು ಪ್ರಾಣಿಗಳನ್ನು ಕೊಂದ ಪ್ರಕರಣಗಳೂ ಅಸ್ಸಾಂನಲ್ಲಿ ನಡೆದಿವೆ.

ಮಳೆಗಾಲವು ಅತ್ಯಂತ ಸೂಕ್ಷ್ಮವಾದ ಅವಧಿ. ಬ್ರಹ್ಮಪುತ್ರಾ ಉಕ್ಕಿ ಹರಿದಾಗ ಉದ್ಯಾನದ ಬಹುಭಾಗ ಜಲಾವೃತವಾಗುತ್ತದೆ. ಹುಲ್ಲುಗಾವಲು ಮತ್ತು ಕೆರೆಗಳ ನವೀಕರಣಕ್ಕೆ ಈ ಪ್ರವಾಹ ಅವಶ್ಯಕವಾದರೂ, ಆ ದಿನಗಳಲ್ಲಿ ಪ್ರಾಣಿಗಳು ರಾಷ್ಟ್ರೀಯ ಹೆದ್ದಾರಿಯನ್ನು ದಾಟಿ ದಕ್ಷಿಣದ ಕಾರ್ಬಿ ಆಂಗ್ಲಾಂಗ್ ಗುಡ್ಡಗಳತ್ತ ಹೋಗಬೇಕಾಗುತ್ತದೆ. ಉದ್ಯಾನದ ಗಡಿಯ ಹೊರಗೆ ಬಂದ ಪ್ರಾಣಿಯು ವಾಹನಗಳಿಗೂ ಬೇಟೆಗಾರರಿಗೂ ಸುಲಭವಾಗಿ ಈಡಾಗುತ್ತದೆ.

ರಕ್ಷಣಾ ವ್ಯವಸ್ಥೆ

ಕಾಜಿರಂಗದ ರಕ್ಷಣೆಗೆ ಕೈಗೊಳ್ಳಲಾದ ಮುಖ್ಯ ಕ್ರಮಗಳು ಹೀಗಿವೆ:

1. ಉದ್ಯಾನದಾದ್ಯಂತ 200ಕ್ಕೂ ಹೆಚ್ಚು ಕಳ್ಳಬೇಟೆ ತಡೆ ಶಿಬಿರಗಳನ್ನು ಸ್ಥಾಪಿಸಲಾಗಿದೆ. ಸಿಬ್ಬಂದಿಯು ಇಲ್ಲಿಯೇ ವಾಸವಿದ್ದು ಕಾಲ್ನಡಿಗೆಯಲ್ಲಿ, ಆನೆಯ ಮೇಲೆ ಹಾಗೂ ದೋಣಿಗಳಲ್ಲಿ ಗಸ್ತು ನಡೆಸುತ್ತಾರೆ.

2. ಪ್ರವಾಹದ ವೇಳೆ ಪ್ರಾಣಿಗಳು ಆಶ್ರಯ ಪಡೆಯಲು ಉದ್ಯಾನದೊಳಗೆ ಮಣ್ಣಿನ ಎತ್ತರದ ದಿಬ್ಬಗಳನ್ನು ನಿರ್ಮಿಸಲಾಗಿದೆ. ಪ್ರಾಣಿಗಳು ದಾಟುವ ಸ್ಥಳಗಳಲ್ಲಿ ಹೆದ್ದಾರಿಯ ವಾಹನಗಳ ವೇಗಕ್ಕೆ ಮಿತಿ ವಿಧಿಸಲಾಗುತ್ತದೆ.

3. ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯಲ್ಲಿ ಘೇಂಡಾಮೃಗಗಳ ಡಿಎನ್‌ಎ ಮಾಹಿತಿಯನ್ನು ಸಂಗ್ರಹಿಸಲಾಗುತ್ತಿದೆ. ವಶಪಡಿಸಿಕೊಂಡ ಕೊಂಬನ್ನು ಹತವಾದ ಪ್ರಾಣಿಯೊಂದಿಗೆ ಹೋಲಿಸಿ ನ್ಯಾಯಾಲಯದಲ್ಲಿ ಸಾಕ್ಷ್ಯ ಒದಗಿಸಲು ಇದು ನೆರವಾಗುತ್ತದೆ.

4. 2021ರ ಸೆಪ್ಟೆಂಬರ್ 22ರಂದು, ವಿಶ್ವ ಘೇಂಡಾಮೃಗ ದಿನದಂದು, ಅಸ್ಸಾಂ ಸರ್ಕಾರವು ಖಜಾನೆಗಳಲ್ಲಿದ್ದ 2,479 ಕೊಂಬುಗಳನ್ನು ಬೊಕಾಖಾತ್‌ನಲ್ಲಿ ಬಹಿರಂಗವಾಗಿ ಸುಟ್ಟುಹಾಕಿತು. ಕೊಂಬಿಗೆ ಔಷಧೀಯ ಮೌಲ್ಯವಿಲ್ಲವೆಂದು ಸಾರುವುದು ಇದರ ಉದ್ದೇಶವಾಗಿತ್ತು.

2013 ಮತ್ತು 2014ರಲ್ಲಿ ಅಸ್ಸಾಂನಲ್ಲಿ ವರ್ಷಕ್ಕೆ 20ಕ್ಕೂ ಹೆಚ್ಚು ಘೇಂಡಾಮೃಗಗಳು ಕಳ್ಳಬೇಟೆಗೆ ಬಲಿಯಾಗಿದ್ದವು. 2022ರಲ್ಲಿ ಇಡೀ ರಾಜ್ಯದಲ್ಲಿ ಅಂತಹ ಒಂದು ಪ್ರಕರಣವೂ ವರದಿಯಾಗಲಿಲ್ಲ.

ಮಾನಸ್ ನೀಡಿದ ಪಾಠ

ರಕ್ಷಣೆಯು ಸಡಿಲವಾದರೆ ಏನಾಗುತ್ತದೆ ಎಂಬುದಕ್ಕೆ ಅಸ್ಸಾಂನಲ್ಲಿಯೇ ಇರುವ ಮಾನಸ್ ರಾಷ್ಟ್ರೀಯ ಉದ್ಯಾನವು ನಿದರ್ಶನ. 1980ರ ದಶಕದ ಕೊನೆಯಿಂದ ಆ ಪ್ರದೇಶದಲ್ಲಿ ತಲೆದೋರಿದ ಸಶಸ್ತ್ರ ಸಂಘರ್ಷದಲ್ಲಿ ಶಿಬಿರಗಳು ನಾಶವಾಗಿ ಗಸ್ತು ನಿಂತುಹೋಯಿತು. 1990ರ ದಶಕದಲ್ಲಿ ಅಲ್ಲಿನ ಘೇಂಡಾಮೃಗಗಳೆಲ್ಲವೂ ಕಣ್ಮರೆಯಾದವು. ಶಾಂತಿ ಮರಳಿದ ನಂತರ 2006ರಲ್ಲಿ, ಕಾಜಿರಂಗದ ಪ್ರವಾಹದಲ್ಲಿ ರಕ್ಷಿಸಿ ಸಾಕಿದ ಮರಿಯನ್ನು ಅಲ್ಲಿಗೆ ಕಳುಹಿಸಲಾಯಿತು. 2008ರಿಂದ ಪೊಬಿತೊರಾ ಅಭಯಾರಣ್ಯ ಹಾಗೂ ಕಾಜಿರಂಗದಿಂದ ಕಾಡಿನ ಪ್ರಾಣಿಗಳನ್ನು ಸ್ಥಳಾಂತರಿಸಲಾಯಿತು. ಹೀಗೆ ತಂದ ಪ್ರಾಣಿಗಳಲ್ಲಿಯೂ ಕೆಲವು ಕಳ್ಳಬೇಟೆಗೆ ಬಲಿಯಾದವು. ಉಳಿದವು ಮರಿ ಹಾಕಿ ಸಂತತಿಯನ್ನು ಮುಂದುವರಿಸಿವೆ.

ಕಾನೂನಿನ ಉಪಬಂಧಗಳು

ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ಅನುಸೂಚಿ 1ರಲ್ಲಿ ಘೇಂಡಾಮೃಗವನ್ನು ಸೇರಿಸಲಾಗಿದೆ. ಹುಲಿ, ಆನೆ ಮತ್ತು ಚಿರತೆಗಳೂ ಇದೇ ಅನುಸೂಚಿಯಲ್ಲಿವೆ. ಅಧಿನಿಯಮವು ಬೇಟೆಯನ್ನು ಮಾತ್ರವಲ್ಲದೆ ಕಾನೂನುಬಾಹಿರ ಸ್ವಾಧೀನ, ಮಾರಾಟ ಹಾಗೂ ಸಾಗಣೆಯನ್ನೂ ಅಪರಾಧವೆಂದು ಪರಿಗಣಿಸುತ್ತದೆ. 2022ರ ತಿದ್ದುಪಡಿಯ ನಂತರ, ಅನುಸೂಚಿ 1ರ ಪ್ರಾಣಿಗಳಿಗೆ ಸಂಬಂಧಿಸಿದ ಅಪರಾಧಕ್ಕೆ ಕನಿಷ್ಠ 3 ವರ್ಷಗಳಿಂದ 7 ವರ್ಷಗಳವರೆಗೆ ಕಾರಾಗೃಹವಾಸ ಮತ್ತು ರೂ. 25,000ಕ್ಕೆ ಕಡಿಮೆಯಿಲ್ಲದ ಜುಲ್ಮಾನೆ ವಿಧಿಸಬಹುದಾಗಿದೆ. ಕಲಂ 57ರ ಪ್ರಕಾರ, ಇಂತಹ ವಸ್ತುವು ಕಾನೂನುಬದ್ಧವಾಗಿ ತನ್ನ ಬಳಿ ಇದೆಯೆಂದು ರುಜುವಾತುಪಡಿಸುವ ಹೊಣೆಯು ಆರೋಪಿಯದೇ ಆಗಿರುತ್ತದೆ.

ನಾಗರಿಕರು ಗಮನಿಸಬೇಕಾದ ಅಂಶಗಳು

ಈ ಅಧಿನಿಯಮವು ಕರ್ನಾಟಕಕ್ಕೂ ಸಮಾನವಾಗಿ ಅನ್ವಯಿಸುತ್ತದೆ. ಹಳೆಯ ಮನೆಗಳಲ್ಲಿ ಕೊಂಬು, ಚರ್ಮ, ದಂತ ಅಥವಾ ಉಗುರು ಮುಂತಾದ ವಸ್ತುಗಳಿದ್ದಲ್ಲಿ ಈ ಕೆಳಕಂಡ ಅಂಶಗಳನ್ನು ಗಮನಿಸುವುದು:

ಅ) ಮಾಲೀಕತ್ವದ ಪ್ರಮಾಣಪತ್ರವಿರುವ ವಸ್ತುವು ವಾರಸುದಾರಿಕೆಯಿಂದ ಬಂದಲ್ಲಿ, 90 ದಿನಗಳೊಳಗಾಗಿ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಅಥವಾ ಅಧಿಕೃತ ಅಧಿಕಾರಿಗೆ ಘೋಷಣೆ ಸಲ್ಲಿಸತಕ್ಕದ್ದು. ವಿಚಾರಣೆಯ ನಂತರ ಪ್ರಮಾಣಪತ್ರದ ಬಗ್ಗೆ ತೀರ್ಮಾನಿಸಲಾಗುತ್ತದೆ.

ಆ) ಪ್ರಮಾಣಪತ್ರವಿದ್ದರೂ ಅಂತಹ ವಸ್ತುವನ್ನು ಮಾರಾಟ ಮಾಡುವಂತಿಲ್ಲ.

ಇ) ಅರಣ್ಯದಲ್ಲಿ ಅಥವಾ ಬೇರೆಲ್ಲಿಯಾದರೂ ಸತ್ತ ವನ್ಯಪ್ರಾಣಿಯ ಅಂಗಾಂಗವು ದೊರೆತಲ್ಲಿ ಅದು ಸರ್ಕಾರದ ಸ್ವತ್ತಾಗಿರುತ್ತದೆ. ದೊರೆತ 48 ಗಂಟೆಗಳೊಳಗೆ ಹತ್ತಿರದ ಪೊಲೀಸ್ ಠಾಣೆಗೆ ಅಥವಾ ಅಧಿಕೃತ ಅಧಿಕಾರಿಗೆ ವರದಿ ಮಾಡತಕ್ಕದ್ದು.

ಈ) ಪ್ರಮಾಣಪತ್ರವುಳ್ಳ ವಸ್ತುವನ್ನು ಇಟ್ಟುಕೊಳ್ಳಲು ಇಚ್ಛೆಯಿಲ್ಲದವರು ಕಲಂ 42ಎ ಅನ್ವಯ ಸ್ವಯಂಪ್ರೇರಿತವಾಗಿ ಒಪ್ಪಿಸಬಹುದು. ಇದಕ್ಕೆ ಪರಿಹಾರಧನ ಇರುವುದಿಲ್ಲ.

ಉ) ಅದೃಷ್ಟ, ಔಷಧ ಅಥವಾ ಅಲಂಕಾರದ ಹೆಸರಿನಲ್ಲಿ ಇಂತಹ ವಸ್ತುಗಳನ್ನು ಯಾರಾದರೂ ಮಾರಾಟಕ್ಕೆ ಮುಂದಿಟ್ಟಲ್ಲಿ ಖರೀದಿಸದೆ, ಹತ್ತಿರದ ಅರಣ್ಯ ಕಚೇರಿಗೆ ಅಥವಾ ಪೊಲೀಸರಿಗೆ ಮಾಹಿತಿ ನೀಡುವುದು.

ಕಾಡಿನಲ್ಲಿ ಹಾರುವ ಗುಂಡಿನ ಹಿಂದೆ ದೂರದ ಊರಿನಲ್ಲಿ ಹಣ ಹಿಡಿದು ಕಾದಿರುವ ಕೊಳ್ಳುಗನಿರುತ್ತಾನೆ. ಕೊಳ್ಳುವವರಿಲ್ಲದ ವಸ್ತುವಿಗಾಗಿ ಯಾರೂ ಪ್ರಾಣಿಯನ್ನು ಕೊಲ್ಲುವುದಿಲ್ಲ. ಆದುದರಿಂದ ವನ್ಯಪ್ರಾಣಿಗಳ ಅಂಗಾಂಗಗಳನ್ನು ಕೊಳ್ಳದೆ, ಅಂತಹ ವ್ಯವಹಾರವನ್ನು ಮರೆಮಾಚದೆ ಸಹಕರಿಸಬೇಕೆಂದು ಸಾರ್ವಜನಿಕರನ್ನು ಕೋರಲಾಗಿದೆ.