ಅಂಕಪಟ್ಟಿಯಲ್ಲಿನ ಹೆಸರು: ಲಿಂಗತ್ವ ನೀತಿ ಮತ್ತು ಹದಿಹರೆಯ

ಸರ್ಕಾರಿ ದಾಖಲೆಗಳಲ್ಲಿನ ‘ಲಿಂಗ’ ಎಂಬ ಅಂಕಣವು ಮಗುವಿನ ಹುಟ್ಟಿನೊಂದಿಗೇ ಭರ್ತಿಯಾಗುತ್ತದೆ. ಈ ಬರಹಕ್ಕೂ ವ್ಯಕ್ತಿಯ ಒಳಅರಿವಿಗೂ ಹೊಂದಿಕೆಯಾಗದಿರುವ ಸ್ಥಿತಿಯನ್ನು ಭಾರತದ ಕಾನೂನು ಸ್ಪಷ್ಟವಾಗಿ ಗುರುತಿಸಿದ್ದು ಇತ್ತೀಚೆಗೆ. ಆದರೆ ಆ ಗುರುತಿಸುವಿಕೆ ವಯಸ್ಕರನ್ನು ಕೇಂದ್ರವಾಗಿರಿಸಿಕೊಂಡಿದ್ದು, ಹದಿಹರೆಯದವರನ್ನು ಕುಟುಂಬದ ಇಚ್ಛೆಗೆ ಒಪ್ಪಿಸಿತು. ಇದರ ಪರಿಣಾಮಗಳನ್ನು ಇಲ್ಲಿ ಪರಿಶೀಲಿಸಲಾಗಿದೆ.

2014ರ ಏಪ್ರಿಲ್ 15ರಂದು ಸರ್ವೋಚ್ಚ ನ್ಯಾಯಾಲಯವು ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ ಪ್ರಕರಣದಲ್ಲಿ ತೀರ್ಪು ನೀಡಿ, ತನ್ನ ಲಿಂಗತ್ವವನ್ನು ತಾನೇ ನಿರ್ಧರಿಸಿಕೊಳ್ಳುವ ಹಕ್ಕನ್ನು ಎತ್ತಿಹಿಡಿಯಿತು. ಆ ಬಳಿಕ 2019ರಲ್ಲಿ ಅಂಗೀಕಾರಗೊಂಡ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ಸಂರಕ್ಷಣಾ ಕಾಯ್ದೆಯು 2020ರ ಜನವರಿ 10ರಂದು ಜಾರಿಗೆ ಬಂದಿತು. ಕಾಯ್ದೆಯ ಮೂಲ ರೂಪದಲ್ಲಿ ಗುರುತಿನ ಪ್ರಮಾಣಪತ್ರಕ್ಕಾಗಿ ಜಿಲ್ಲಾ ದಂಡಾಧಿಕಾರಿಗೆ ಅರ್ಜಿ ಸಲ್ಲಿಸಬೇಕಿತ್ತು. ಅಪ್ರಾಪ್ತರ ಪರವಾಗಿ ತಂದೆತಾಯಿ ಅಥವಾ ಪೋಷಕರೇ ಅರ್ಜಿ ಹಾಕಬೇಕಿತ್ತು. ಮನೆಯವರೇ ಮಗುವಿನ ಲಿಂಗತ್ವವನ್ನು ಒಪ್ಪದಿದ್ದಲ್ಲಿ ಈ ದಾರಿ ಮೊದಲ ಹೆಜ್ಜೆಯಲ್ಲಿಯೇ ಮುಚ್ಚಿಹೋಗುತ್ತದೆ.

ಇದೇ ಕಾಯ್ದೆಯು ‘ಕುಟುಂಬ’ವನ್ನು ರಕ್ತಸಂಬಂಧ, ವಿವಾಹ ಮತ್ತು ದತ್ತುಸ್ವೀಕಾರಗಳಿಂದ ವ್ಯಾಖ್ಯಾನಿಸಿತು. ಲಿಂಗತ್ವದ ಕಾರಣಕ್ಕಾಗಿ ಮಗುವನ್ನು ಹೆತ್ತವರಿಂದ ಬೇರ್ಪಡಿಸಬಾರದೆಂದು, ಅವರು ನೋಡಿಕೊಳ್ಳಲಾಗದಿದ್ದರೆ ನ್ಯಾಯಾಲಯವು ಪುನರ್ವಸತಿ ಕೇಂದ್ರಕ್ಕೆ ಕಳುಹಿಸಬೇಕೆಂದು ವಿಧಿಸಿತು. ಮಗು ಮನೆಯಿಂದ ಹೊರದೂಡಲ್ಪಡದಿರಲಿ ಎಂಬ ಆಶಯ ಇಲ್ಲಿದೆ. ಆದರೆ ಮನೆಯೇ ಹಿಂಸೆಯ ತಾಣವಾದಾಗ ಬಹುಕಾಲದಿಂದ ಆಸರೆಯಾಗಿ ಬಂದಿರುವ ಹಿಜ್ರಾ ಸಮುದಾಯದ ಗುರು-ಚೇಲಾ ಸಂಬಂಧಕ್ಕೆ ಈ ವ್ಯಾಖ್ಯೆಯಲ್ಲಿ ಸ್ಥಾನ ದೊರೆಯಲಿಲ್ಲ. ಎ. ರೇವತಿಯವರ ಆತ್ಮಕಥನವು ದು. ಸರಸ್ವತಿಯವರ ಅನುವಾದದಲ್ಲಿ ‘ಬದುಕು ಬಯಲು’ ಎಂಬ ಹೆಸರಿನಿಂದ ಕನ್ನಡಕ್ಕೆ ಬಂದಿದೆ. ಮನೆಯೊಳಗಿನ ಹಿಂಸೆ ಮತ್ತು ಸಮುದಾಯದ ಆಸರೆ ಎರಡನ್ನೂ ಅರಿಯಲು ಅದು ಮಹತ್ವದ ಆಕರವಾಗಿದೆ.

ಕರ್ನಾಟಕದ ವಿದ್ಯಾರ್ಥಿಯ ಬದುಕಿನಲ್ಲಿ ಹದಿನೆಂಟಕ್ಕಿಂತ ಮೊದಲೇ ಬರುವ ನಿರ್ಣಾಯಕ ದಾಖಲೆಯೆಂದರೆ ಎಸ್.ಎಸ್.ಎಲ್.ಸಿ. ಅಂಕಪಟ್ಟಿ. ಅದರಲ್ಲಿನ ಹೆಸರನ್ನೇ ಮುಂದಿನ ಪ್ರವೇಶಪತ್ರ, ಪದವಿ ಪ್ರಮಾಣಪತ್ರ, ಉದ್ಯೋಗದ ಅರ್ಜಿಗಳು ಅನುಸರಿಸುತ್ತವೆ. ಪ್ರಾಪ್ತವಯಸ್ಕರಾದ ಮೇಲೆ ಹೆಸರು ಮತ್ತು ಲಿಂಗವನ್ನು ತಿದ್ದಿಸಲು ಅವಕಾಶವಿದ್ದರೂ, ಕಚೇರಿಯಿಂದ ಕಚೇರಿಗೆ ಅಲೆದು ತೊರೆದ ಹೆಸರನ್ನೇ ಮತ್ತೆ ಮತ್ತೆ ಹೇಳಬೇಕಾಗುತ್ತದೆ. 2024ರ ಡಿಸೆಂಬರಿನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಜನನ ಪ್ರಮಾಣಪತ್ರದ ಪ್ರಕರಣವೊಂದರಲ್ಲಿ, 1969ರ ಜನನ ಮರಣ ನೋಂದಣಿ ಕಾಯ್ದೆಗೆ ಸೂಕ್ತ ತಿದ್ದುಪಡಿಯಾಗುವವರೆಗೆ ಹಿಂದಿನ ಮತ್ತು ಪರಿಷ್ಕೃತ ವಿವರಗಳೆರಡನ್ನೂ ನಮೂದಿಸಿ ಪ್ರಮಾಣಪತ್ರ ನೀಡುವಂತೆ ನಿರ್ದೇಶಿಸಿತು. ಒಂದು ಕಾಯ್ದೆ ಕೊಟ್ಟದ್ದನ್ನು ಇನ್ನೊಂದು ಕಾಯ್ದೆಯ ಮೌನ ತಡೆಹಿಡಿಯಬಹುದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಶಾಲೆಯಲ್ಲಿ ಉಳಿದವರಿಗಷ್ಟೇ ಮುಂದಿನ ಸೌಲಭ್ಯಗಳು ದಕ್ಕುತ್ತವೆ. 2021ರಲ್ಲಿ ಕರ್ನಾಟಕವು ನೇರ ನೇಮಕಾತಿಯ ಸರ್ಕಾರಿ ಹುದ್ದೆಗಳಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇಕಡಾ 1ರಷ್ಟು ಸಮತಳ ಮೀಸಲಾತಿಯನ್ನು ಕಲ್ಪಿಸಿತು. ಆದರೆ 2011ರ ಜನಗಣತಿಯಲ್ಲಿ ‘ಇತರೆ’ ಎಂದು ದಾಖಲಾದವರ ಸಾಕ್ಷರತೆ ಶೇಕಡಾ 56ರಷ್ಟಿತ್ತು. ಒಟ್ಟು ಜನಸಂಖ್ಯೆಯದು ಸುಮಾರು 73. ಮೀಸಲಾತಿಯ ಬಾಗಿಲನ್ನು ತಲುಪುವ ಮುನ್ನವೇ ಅನೇಕರ ಓದು ನಿಂತುಹೋಗುತ್ತದೆ. ಲಿಂಗತ್ವ ವೈವಿಧ್ಯದ ಮಕ್ಕಳನ್ನು ಶಾಲೆಯೊಳಗೆ ಉಳಿಸಿಕೊಳ್ಳುವ ಕುರಿತು ಎನ್.ಸಿ.ಇ.ಆರ್.ಟಿ. 2021ರಲ್ಲಿ ಸಿದ್ಧಪಡಿಸಿದ ಶಿಕ್ಷಕರ ತರಬೇತಿ ಕೈಪಿಡಿಯು ಆಕ್ಷೇಪಗಳ ನಡುವೆ ಕೆಲವೇ ದಿನಗಳಲ್ಲಿ ಜಾಲತಾಣದಿಂದ ಮರೆಯಾದುದನ್ನು ಈ ಹಿನ್ನೆಲೆಯಲ್ಲಿ ಗಮನಿಸಬೇಕು.

ಈ ಪ್ರಶ್ನೆಗೆ ಕನ್ನಡ ಬೋಧನೆಯೊಂದಿಗೂ ನೇರ ಸಂಬಂಧವಿದೆ. ಶಾಲಾ ವ್ಯಾಕರಣವು ಪುಲ್ಲಿಂಗ, ಸ್ತ್ರೀಲಿಂಗಗಳನ್ನು ಮನುಷ್ಯರಿಗೂ ನಪುಂಸಕಲಿಂಗವನ್ನು ಬಹುಮಟ್ಟಿಗೆ ಪ್ರಾಣಿ-ವಸ್ತುಗಳಿಗೂ ಹಂಚುತ್ತದೆ. ಪಾಠದಲ್ಲಿ ಪರಿಭಾಷೆಯಾಗಿರುವ ಈ ಪದವೇ ಆಟದ ಬಯಲಿನಲ್ಲಿ ಸಹಪಾಠಿಯನ್ನು ಹಂಗಿಸುವ ಮಾತಾಗುತ್ತದೆ. ‘ಅವನು’, ‘ಅವಳು’ ಎಂಬ ಆಯ್ಕೆಯೂ ದಿನನಿತ್ಯದ ಇರಿತವಾಗಬಹುದು. ಆದರೆ ಅದೇ ಕನ್ನಡದಲ್ಲಿ ‘ಅವರು’ ಎಂಬ, ಗೌರವವನ್ನೂ ಸೂಚಿಸುವ, ಗಂಡುಹೆಣ್ಣೆಂಬ ಭೇದವಿಲ್ಲದ ಸರ್ವನಾಮವೂ ಇದೆ. ಅದನ್ನು ಬಳಸಲು ಯಾವ ದಂಡಾಧಿಕಾರಿಯ ಪ್ರಮಾಣಪತ್ರವೂ ಬೇಕಿಲ್ಲ.

ಅಂಕಪಟ್ಟಿಯ ಹೆಸರನ್ನು ತಿದ್ದುವ ಅಧಿಕಾರ ಅಧ್ಯಾಪಕರಿಗಿಲ್ಲ. ಆದರೆ ವಿದ್ಯಾರ್ಥಿಯನ್ನು ಯಾವ ಹೆಸರಿನಿಂದ ಕರೆಯಬೇಕು, ತರಗತಿಯಲ್ಲಿ ಯಾವ ಪದವನ್ನು ಹೇಗೆ ವಿವರಿಸಬೇಕು ಎಂಬುದು ಅವರ ಕೈಯಲ್ಲಿಯೇ ಇದೆ. ನೀತಿಯು ಹದಿನೆಂಟರವರೆಗೆ ಕಾಯಲು ಹೇಳುವ ಅವಧಿಯಲ್ಲಿ ಮಗು ಓದನ್ನು ತೊರೆಯದಂತೆ ಮಾಡುವಲ್ಲಿ ಈ ಸಣ್ಣ ಅಧಿಕಾರದ ಪಾತ್ರ ಸಣ್ಣದಲ್ಲ.