ಜಾತ್ರೆ ಕಪ್ಪಿನಿಂದ ರಾಜ್ಯ ತಂಡಕ್ಕೆ

ಜಹೀರಾಬಾದ್, ನಾರಾಯಣಖೇಡ, ತಾಂಡೂರಿನ ಮಕ್ಕಳೇ, ಜಾತ್ರೆ ಟೂರ್ನಿಯಲ್ಲಿ ವಾಲಿಬಾಲ್ ಕಪ್ ಗೆದ್ದಿರಾ? ಭೇಷ್! ಆದರೆ ರಾಜ್ಯ ತಂಡದ ದಾರಿ ಬೇರೆ.

ಮೊದಲು ಶಾಲೆ. 14, 17, 19 ವರ್ಷದೊಳಗಿನವರು ಅಂತ ಮೂರು ವಿಭಾಗ. ಮಂಡಲದಲ್ಲಿ ಆಡಿ ಜಿಲ್ಲೆಗೆ, ಅಲ್ಲಿಂದ ರಾಜ್ಯಕ್ಕೆ. ಮೇಲಿನ ಹಂತಕ್ಕೆ ಬೇರೆ ಬೇರೆ ಶಾಲೆಗಳ ಒಳ್ಳೆಯ ಆಟಗಾರರನ್ನು ಆರಿಸಿ ತಂಡ ಕಟ್ಟುತ್ತಾರೆ. ಅದಕ್ಕೇ ನಿಮ್ಮ ಶಾಲೆ ಸೋತರೂ ಎದೆಗುಂದಬೇಡಿ. ನಿಮ್ಮ ಸರ್ವ್, ನಿಮ್ಮ ಪಾಸ್ ನೋಡುವವರಿದ್ದಾರೆ.

ಕ್ಲಬ್ ಹುಡುಗ ಹುಡುಗಿಯರಿಗೆ ಇನ್ನೊಂದು ಬಾಗಿಲು, ಜಿಲ್ಲಾ ವಾಲಿಬಾಲ್ ಸಂಘ. ಸಬ್ ಜೂನಿಯರ್, ಜೂನಿಯರ್ ಆಯ್ಕೆ ಅಲ್ಲಿ.

ಯಾವ ಜಿಲ್ಲೆ? 1956ರವರೆಗೆ ಜಹೀರಾಬಾದ್, ನಾರಾಯಣಖೇಡ ಬೀದರಿನವು, ತಾಂಡೂರು ಕಲಬುರಗಿಯದು. ಈಗ ಮೊದಲೆರಡು ಸಂಗಾರೆಡ್ಡಿಗೆ, ತಾಂಡೂರು ವಿಕಾರಾಬಾದಿಗೆ. ಮನೆಮಾತು ಕನ್ನಡವಾದರೂ ನೀವು ಆಡುವುದು ತೆಲಂಗಾಣಕ್ಕೆ, ಬೀದರಿನ ಸೋದರಮಾವನ ಮಗ ಕರ್ನಾಟಕಕ್ಕೆ. ರಾಷ್ಟ್ರಮಟ್ಟದಲ್ಲಿ ಇಬ್ಬರೂ ನೆಟ್ಟಿನ ಆಚೀಚೆ ನಿಲ್ಲಬಹುದು. ನನಗಂತೂ ಆ ಪಂದ್ಯ ನೋಡುವಾಸೆ!

ಅಪ್ಪ ಅಮ್ಮಂದಿರೇ, ಆಧಾರ್, ಜನನ ಪ್ರಮಾಣಪತ್ರ, ಶಾಲೆಯ ದಾಖಲೆ ಮೂರರಲ್ಲೂ ಹುಟ್ಟಿದ ದಿನಾಂಕ ಒಂದೇ ಇದೆಯೇ ನೋಡಿ. ತಪ್ಪಿದ್ದರೆ ಆಯ್ಕೆ ಶುರುವಾಗುವ ಮೊದಲೇ ಸರಿಪಡಿಸಿ.